ಶುಕ್ರವಾರ ಮಾತ್ರ ಎಚ್ಚರಗೊಳ್ಳುತ್ತಿದ್ದ ಕಂಪ್ಯೂಟರ್

ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಮೊದಲು ಕೇಳುವುದು, "ಅಜ್ಜಿ, ನೀವು ಏನು ಕೋರ್ಸ್ ಮಾಡಿದ್ರಿ?" ಎಂದು. ಕೋರ್ಸೂ ಇಲ್ಲ, ಕಾಲೇಜೂ ಇಲ್ಲ. ಮಿಡ್ಲ್ ಸ್ಕೂಲು ಮುಗಿಸಿದ್ದೇನೆ, ಅದೂ ಮೇಷ್ಟ್ರು ಪಾಸು ಮಾಡಿ ಕಳಿಸಿದ್ದರಿಂದ. ಆದರೆ ಸತ್ತಂತೆ ಬಿದ್ದಿದ್ದ ಕಂಪ್ಯೂಟರು ನನ್ನ ಕೈಯಲ್ಲಿ ಒಂದು ಸಲ 'ಬೀಪ್' ಎಂದರೆ ಇವತ್ತಿಗೂ ಮೈ ಜುಮ್ ಎನ್ನುತ್ತದೆ. ಅದು ಬಿ.ಪಿ. ಇರಬೇಕು ಎನ್ನುತ್ತಾಳೆ ನನ್ನ ಮಗಳು. ಅನ್ನಲಿ. ಬಿ.ಪಿ. ಬಂದವರಿಗೆಲ್ಲ ಅಷ್ಟು ಖುಷಿಯಾಗುವುದಿಲ್ಲ.

ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ನಾನು ಬರೆಯಲು ಕೂತಿದ್ದೇನೆ. ಸಂಬಳ ಯಾವಾಗ ಏರಿತು, ಯಾರು ಯಾವ ಕುರ್ಚಿಗೆ ಹೋದರು ಎನ್ನುವುದೆಲ್ಲ ಇದರಲ್ಲಿ ಇಲ್ಲ. ಕೆಟ್ಟ ಮೆಷಿನ್‌ಗಳ ಕತೆ ಇದೆ. ಕೆಡಿಸಿದ ಜನರ ಕತೆಯೂ ಇದೆ.

ನಾನು ಮೊದಲು ಕೆ.ಆರ್. ಪುರದ ಕಡೆ ಟಿ.ವಿ. ಬೋರ್ಡು ಮಾಡುವ ಕಾರ್ಖಾನೆಯಲ್ಲಿದ್ದೆ. ಹೆಂಗಸರೆಲ್ಲ ಸಾಲಾಗಿ ಕೂತು ಸೋಲ್ಡ್ರಿಂಗ್ ಮಾಡುವುದು, ಅಂದರೆ ಸೀಸ ಕರಗಿಸಿ ಬೋರ್ಡಿಗೆ ಬೆಸುಗೆ ಹಾಕುವುದು. ತೊಂಬತ್ತರ ದಶಕದ ನಡುವಿನಲ್ಲಿ ಆ ಕಾರ್ಖಾನೆಗೆ ಬೀಗ ಬಿತ್ತು. ಆಗ ಶಿವಾಜಿನಗರದಲ್ಲಿ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಬೆಸುಗೆಯವರು ಬೇಕು ಎಂದು ಗೊತ್ತಾಗಿ ಹೋದೆ. ಮಹಡಿ ಮೇಲಿನ ಅಂಗಡಿ, ತಗಡಿನ ಮಾಡು. ಎರಡು ಫ್ಯಾನು, ತಿರುಗುವುದು ಒಂದು. ಮಾಲೀಕರು ಇರ್ಫಾನ್ ಭಾಯ್, ಡಿಪ್ಲೊಮಾ ಓದಿದವರು. ನನ್ನ ಮುಂದೆ ಒಂದು ಸುಟ್ಟ ಬೋರ್ಡು ಇಟ್ಟು, "ಇದಕ್ಕೆ ಬೆಸುಗೆ ಹಾಕಿ ತೋರಿಸಿ" ಎಂದರು.

"ಇದು ಏನು ಕೆಲಸ ಮಾಡುತ್ತೆ?" ಎಂದೆ.

"ಅದೆಲ್ಲ ನಿಮಗ್ಯಾಕೆ ಅಕ್ಕ? ಬೆಸುಗೆ ಹಾಕಿ ಸಾಕು."

"ಯಾರ ಬ್ಲೌಸು ಅಂತ ಗೊತ್ತಿಲ್ದೆ ನಾನು ಗುಂಡಿ ಕೂಡ ಹಾಕಲ್ಲ" ಎಂದೆ.

ಅವರು ಬಿದ್ದೂ ಬಿದ್ದೂ ನಕ್ಕರು. ಆವತ್ತಿನಿಂದ ಒಂದೊಂದೇ ಹೇಳಿಕೊಟ್ಟರು. ನನಗೆ ಗೊತ್ತಿರುವುದರಲ್ಲಿ ಬಹುಪಾಲು ಅವರು ಕೊಟ್ಟದ್ದು. ಬೈಗುಳವನ್ನೂ ಧಾರಾಳವಾಗಿ ಕೊಟ್ಟರು. ನಾನು ಯೋಚಿಸದೆ ಸ್ಕ್ರೂ ಬಿಚ್ಚಲು ಹೋದರೆ, "ಗಂಗಕ್ಕ, ಮೊದಲು ದಿಮಾಗ್ ಫ್ಯಾನ್ ಆನ್ ಮಾಡಿ!" ಎಂದು ಕೂಗುತ್ತಿದ್ದರು, ಮೊದಲು ತಲೆ ಓಡಿಸಿ ಎಂಬರ್ಥದಲ್ಲಿ.

ಆಗಿನ ಕಾಲದಲ್ಲಿ ಮನೆಗೊಂದು ಕಂಪ್ಯೂಟರು ಬಂತೆಂದರೆ ಬೀದಿಗೇ ಗೊತ್ತಾಗುತ್ತಿತ್ತು. ಅದು ಕೆಟ್ಟರೂ ಬೀದಿಗೇ ಗೊತ್ತಾಗುತ್ತಿತ್ತು. ಇಂದಿರಾನಗರದ ಒಂದು ಮನೆಯಲ್ಲಿ ಸ್ವಿಚ್ ಹಾಕಿದರೆ ಪರದೆ ಕಪ್ಪು, ಬರೀ ಕುಯ್ ಕುಯ್ ಕುಯ್ ಎಂದು ಕೂಗು. ನಾನು ಹೋದಾಗ ಪಕ್ಕದ ಮನೆಯವರೂ ಸೇರಿ ಸುತ್ತ ನಿಂತು ಕೇಳುತ್ತಿದ್ದರು. ಆ ಮನೆಯ ಹೆಂಗಸಿಗೆ, "ಮಕ್ಕಳ ರಬ್ಬರ್ ಇದ್ರೆ ಕೊಡಿ" ಎಂದೆ.

"ರಬ್ಬರಾ? ಪೆನ್ಸಿಲ್ ಬೇಡ್ವಾ?"

"ಬೇಡ. ಬರೆಯಕ್ಕೆ ಬಂದಿಲ್ಲ, ಅಳಿಸಕ್ಕೆ ಬಂದಿದೀನಿ."

ಮೆಮೊರಿ ಎನ್ನುವ ಉದ್ದನೆಯ ಪಟ್ಟಿ ಒಳಗಿರುತ್ತದೆ. ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳಿಗೆ ಕಿಲುಬು ಹಿಡಿದರೆ ಮೆಷಿನ್‌ಗೆ ಅದು ಕಾಣುವುದೇ ಇಲ್ಲ. ತೆಗೆದು, ರಬ್ಬರಿನಲ್ಲಿ ಉಜ್ಜಿ, ಮತ್ತೆ ಒತ್ತಿ ಕೂರಿಸಿದೆ. ಒಂದೇ ಬೀಪ್! ಬಣ್ಣಬಣ್ಣದ ಪರದೆ ಬಂತು. ಆಕೆ ಮೂತಿ ಸೊಟ್ಟ ಮಾಡಿ, "ಇಷ್ಟೇನಾ? ಇದನ್ನ ನಾನೇ ಮಾಡ್ತಿದ್ದೆ" ಎಂದರು. "ಮಾಡ್ಬೇಕಿತ್ತು" ಎಂದು ಚಾರ್ಜು ತೆಗೆದುಕೊಂಡು ಬಂದೆ. ನೆನಪಿಡಿ, ಸುಲಭದ ರಿಪೇರಿಗೆ ಜನ ಕೃತಜ್ಞರಾಗಿರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಹಲಸೂರಿನ ಒಂದು ಮನೆಯ ಕತೆ ಕೇಳಿ. ಆಯುಧಪೂಜೆಯ ಮಾರನೆಯ ದಿನ ಫೋನು. ಹೋಗಿ ನೋಡಿದರೆ ಕಂಪ್ಯೂಟರಿಗೆ ಮೂರು ಪಟ್ಟೆ ವಿಭೂತಿ, ಮೇಲೆ ಸೇವಂತಿಗೆ ಹಾರ. ಸ್ವಿಚ್ ಹಾಕಿದರೆ ಪರದೆಯ ಮೇಲೆ ಫ್ಲಾಪಿ ಸರಿಯಿಲ್ಲ ಎಂಬ ಬರಹ ಬಂದು ಅಲ್ಲೇ ನಿಲ್ಲುತ್ತದೆ, ಮುಂದಕ್ಕೆ ಒಂದು ಹೆಜ್ಜೆ ಇಡುವುದಿಲ್ಲ. ಫ್ಲಾಪಿ ಹಾಕುವ ಸೀಳನ್ನು ಬಿಚ್ಚಿದೆ. ಒಳಗೆ ಕಡ್ಲೆಪುರಿ! ಜೊತೆಗೆ ಸಣ್ಣದೊಂದು ಬೆಲ್ಲದ ಚೂರು, ಅದಕ್ಕೆ ಇರುವೆ.

"ಯಾರಪ್ಪಾ ಇದು ಮಾಡಿದ್ದು?" ಎಂದೆ.

ಮನೆಯ ಯಜಮಾನರು ಗಂಭೀರವಾಗಿ, "ಪೂಜೆ ಮಾಡಿದ್ಮೇಲೆ ನೈವೇದ್ಯ ಇಡ್ಬೇಕಲ್ಲಮ್ಮ. ಲಾರಿಗಾದ್ರೆ ಬಾಯಿಲ್ಲ, ಇದಕ್ಕಿದೆ" ಎಂದರು.

ಲೆಕ್ಕಾಚಾರ ಸರಿಯಾಗಿಯೇ ಇತ್ತು.

ವಿಮಾನಪುರದಲ್ಲಿ ಒಬ್ಬ ರಿಟೈರ್ಡ್ ಮನುಷ್ಯರಿದ್ದರು. ಅವರ ಮೆಷಿನ್‌ನ ಒಳಗಿನ ಗುಂಡಿಯಂಥ ಸಣ್ಣ ಬ್ಯಾಟರಿ ಸತ್ತು, ದಿನಾ ಬೆಳಿಗ್ಗೆ ಇವತ್ತು ತಾರೀಖೆಷ್ಟು, ಗಂಟೆಯೆಷ್ಟು ಎಂದು ಕೇಳಿ ನಿಲ್ಲುತ್ತಿತ್ತು. ನಾನು ಹೊಸ ಬ್ಯಾಟರಿ ಹಾಕಲು ಹೋದರೆ ಅವರು ತಡೆದರು. "ಬೇಡಮ್ಮ. ಮೂವತ್ತು ವರ್ಷ ನಾನು ಕಾರ್ಖಾನೆ ಗೇಟಲ್ಲಿ ನಿಂತು ಬೇರೆಯವರ ಹಾಜರಿ ತಗೊಂಡೆ. ಈಗ ಇದು ನನ್ನ ಹಾಜರಿ ತಗೊಳ್ಳುತ್ತೆ, ತಗೊಳ್ಳಲಿ ಬಿಡು." ಹಾಗಾದರೆ ನನ್ನನ್ನು ಕರೆಸಿದ್ದೇಕೆ ಎಂದರೆ, ಅವರ ಹೆಂಡತಿ ಕರೆಸಿದ್ದಂತೆ. ಗಂಡ ಹೆಂಡತಿ ಜಗಳದಲ್ಲಿ ಬ್ಯಾಟರಿ ಹಾಕುವುದು ನಮ್ಮ ಕೆಲಸವಲ್ಲ. ಎದ್ದು ಬಂದೆ.

ಎರಡು ಸಾವಿರ ಇಸವಿ ದಾಟುತ್ತಿದ್ದ ಹಾಗೆ ಕೆಲಸದ ರೀತಿಯೇ ಬದಲಾಯಿತು. ಮೊದಲು ಒಂದು ಬೋರ್ಡು ಕೆಟ್ಟರೆ ಅದರ ಯಾವ ಮೂಲೆ ಕೆಟ್ಟಿದೆ ಎಂದು ಹುಡುಕುತ್ತಿದ್ದೆವು. ಆಮೇಲೆ ಬೋರ್ಡೇ ಅಗ್ಗವಾಯಿತು. ಬಿಚ್ಚು, ಬಿಸಾಕು, ಹೊಸದು ಹಾಕು. ನನ್ನ ಬೆಸುಗೆ ಕಡ್ಡಿ ದಿನಗಟ್ಟಲೆ ತಣ್ಣಗೆ ಬಿದ್ದಿರುತ್ತಿತ್ತು. ಇರ್ಫಾನ್ ಭಾಯ್ ಕೂಡ, "ಅಕ್ಕ, ಗಿರಾಕಿಗೆ ಬೇಕಾಗಿರೋದು ಬೇಗ. ಕಾರಣ ಯಾರಿಗೂ ಬೇಡ" ಎನ್ನತೊಡಗಿದರು. ಅವರು ಹೇಳಿದ್ದು ತಪ್ಪೇನಲ್ಲ. ಆದರೆ ಕಾರಣ ಗೊತ್ತಿಲ್ಲದೆ ಬಿಡಲೇ ಆಗದ ಒಂದು ಕೇಸು ಅದೇ ಹೊತ್ತಿಗೆ ಬಂತು ನೋಡಿ!

ಬಾಣಸವಾಡಿಯ ಹಳೇ ಊರೊಳಗೆ ಪಿಳ್ಳಪ್ಪನವರ ಮನೆ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟ್ ಆದ ಮೇಲೆ ಅವರು ಮನೆಯ ಮೇಲೆ ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಮೆಟ್ಟಿಲ ಕೆಳಗೆ ಒಬ್ಬ ಮಲಗುವಷ್ಟು ಜಾಗವಿದ್ದರೂ ಅದಕ್ಕೊಂದು ಬಾಗಿಲಿಟ್ಟು ಬಾಡಿಗೆಗೆ ಕೊಡುವ ಪೈಕಿ. ಹಿಂದುಗಡೆ ಮೊದಲು ಹಸು ಕಟ್ಟುತ್ತಿದ್ದ ಕೊಟ್ಟಿಗೆಯನ್ನು ಕೋಣೆ ಮಾಡಿದ್ದರು. ಬಿಸಿಲೇ ಬೀಳದ ತಣ್ಣನೆಯ ಕೋಣೆ. ಅದರಲ್ಲಿ ಅವರ ಸೊಸೆ ಮಂಜುಳಳ ಕಂಪ್ಯೂಟರು ಇತ್ತು.

ಮಂಜುಳ ಮದುವೆಗೆ ಮೊದಲು ಕನ್ನಡ ಡಿ.ಟಿ.ಪಿ. ಕಲಿತಿದ್ದಳು. ಶಿವಾಜಿನಗರದ ಒಂದು ಪ್ರೆಸ್ಸಿನವರು ಶಾಲೆ ಮಕ್ಕಳ ಗೈಡುಗಳನ್ನು ಕೊಡುತ್ತಿದ್ದರು, ಇವಳು ಮನೆಯಲ್ಲೇ ಟೈಪು ಮಾಡಿ ಪುಟ ಕಟ್ಟಿ ಕಳಿಸುತ್ತಿದ್ದಳು. ಗಂಡ ಬಸ್ ಕಂಡಕ್ಟರು, ಬೆಳಗಿನ ಪಾಳಿ, ಮನೆ ವಿಷಯಕ್ಕೆ ಬಾಯಿ ಹಾಕುವವನಲ್ಲ. ಅವಳ ಕೆಲಸ, ಅವಳ ಕೋಣೆ, ಅವಳ ಮಾತಿಗೊಂದು ಬೆಲೆ, ಎಲ್ಲ ಆ ಹಳೇ ಪೆಟ್ಟಿಗೆಯ ಮೇಲೆಯೇ ನಿಂತಿತ್ತು. ಅದು ಧನುರ್ಮಾಸದ ಚಳಿ ಬೀಳುತ್ತಿದ್ದ ಹಾಗೆ ಕೈಕೊಡಲು ಶುರು ಮಾಡಿತು.

ಬೆಡ್‌ಶೀಟಿನಲ್ಲಿ ಕಟ್ಟಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಆಟೋ ಹತ್ತಿ ಅಂಗಡಿಗೆ ತಂದಳು. "ಬೆಳಿಗ್ಗೆ ಸ್ವಿಚ್ ಒತ್ತಿದ್ರೆ ಫ್ಯಾನು ತಿರುಗುತ್ತೆ, ಲೈಟು ಬರುತ್ತೆ, ಪರದೆ ಮಾತ್ರ ಕಪ್ಪು ಆಂಟಿ. ಬೀಪೂ ಇಲ್ಲ. ಒತ್ತಿ ಒತ್ತಿ ಬೆರಳು ನೋಯುತ್ತೆ. ಮಧ್ಯಾಹ್ನದ ಹೊತ್ತಿಗೆ ಯಾವಾಗಲೋ ಬರುತ್ತೆ. ಒಂದು ಸಲ ಬಂದ್ರೆ ಸಂಜೆವರೆಗೂ ಏನೂ ತೊಂದರೆ ಇಲ್ಲ."

ನಾನು ಸ್ವಿಚ್ ಒತ್ತಿದೆ. ಬೀಪ್! ಬಂತು. ಆರಿಸಿ ಒತ್ತಿದೆ, ಬಂತು. ಎರಡು ದಿನ ಅಂಗಡಿಯಲ್ಲೇ ಇಟ್ಟುಕೊಂಡೆವು. ಬಂಗಾರದಂಥ ಮೆಷಿನು! ಇರ್ಫಾನ್ ಭಾಯ್, "ಮೆಷಿನ್ ಠೀಕ್ ಇದೆ ಅಕ್ಕ. ಇದು ಮನೆ ಪ್ರಾಬ್ಲಮ್, ಕರೆಂಟ್ ನೋಡಿ" ಎಂದರು. ವಾಪಸು ಕಳಿಸಿದೆವು. ಮಾರನೆಯ ಬೆಳಿಗ್ಗೆ ಮಂಜುಳಳ ಫೋನು: ಮತ್ತೆ ಕಪ್ಪು.

ನಮ್ಮ ಅಂಗಡಿಗೆ ವಾರದ ರಜೆ ಶುಕ್ರವಾರ. ಭಾಯ್ ನಮಾಜಿಗೆ ಹೋಗುತ್ತಾರೆ, ನಾನು ಬಾಕಿ ಇರುವ ಮನೆಗಳಿಗೆ ಹೋಗುತ್ತೇನೆ. ನನ್ನ ಮನೆ ಕಮ್ಮನಹಳ್ಳಿ, ಬಾಣಸವಾಡಿ ಪಕ್ಕದಲ್ಲೇ. ಶುಕ್ರವಾರ ಬೆಳಿಗ್ಗೆ ಹೋದೆ. ಬಾಗಿಲಲ್ಲಿ ಪಿಳ್ಳಪ್ಪ ಬೀಡಿ ಸೇದುತ್ತಾ ಕೂತಿದ್ದರು. "ಬನ್ನಿ ಎಂಜಿನಿಯರಮ್ಮ" ಎಂದರು, ಗೇಲಿಯೋ ಗೌರವವೋ ತಿಳಿಯದ ಹಾಗೆ. ಒಳಗೆ ಹೋಗಿ ಸ್ವಿಚ್ ಒತ್ತಿದೆ. ಬೀಪ್! ಮೊದಲ ಒತ್ತಿಗೇ ಬಂತು. ಪ್ಲಗ್ಗು ನೋಡಿದೆ, ಅರ್ತಿಂಗ್ ನೋಡಿದೆ, ಟೆಸ್ಟರಿಟ್ಟು ಕರೆಂಟು ನೋಡಿದೆ. ಎಲ್ಲ ಸರಿ. ಬಂದೆ. ಶನಿವಾರ ಫೋನು: ಕಪ್ಪು. ಮುಂದಿನ ಶುಕ್ರವಾರ ಮತ್ತೆ ಹೋದೆ. ಮತ್ತೆ ಮೊದಲ ಒತ್ತಿಗೇ ಬೀಪ್!

ಪಿಳ್ಳಪ್ಪನವರಿಗೆ ಇಷ್ಟು ಸಾಕಾಯಿತು. "ನೋಡಮ್ಮ, ಅಂಗಡೀಲಿ ಬರುತ್ತೆ, ನೀನು ಮುಟ್ಟಿದ್ರೆ ಬರುತ್ತೆ. ಇವಳು ಮುಟ್ಟಿದ್ರೆ ಬರಲ್ಲ. ಕೈಗುಣ! ಈ ಜಾಗದಲ್ಲಿ ಹಸು ಇದ್ದಾಗ ಹಾಲಾದ್ರೂ ಕೊಡ್ತಿತ್ತು. ಸೋಮವಾರ ಬೆಳಿಗ್ಗೆ ಒಬ್ಬ ಹುಡುಗ ಅಡ್ವಾನ್ಸ್ ತಗೊಂಡು ಬರ್ತಾನೆ, ರೂಮ್ ಬೇಕಂತೆ. ಅಷ್ಟರಲ್ಲಿ ಇದು ಎಲ್ಲಾ ಮನೆ ಕಂಪ್ಯೂಟರ್ ಥರ ಒತ್ತಿದ ತಕ್ಷಣ ಬಂದ್ರೆ ಸರಿ. ಇಲ್ದಿದ್ರೆ ಪೆಟ್ಟಿಗೆ ಗುಜರಿಗೆ, ರೂಮ್ ಬಾಡಿಗೆಗೆ."

ಮಂಜುಳ ಕಣ್ಣೀರು ಹಾಕಲಿಲ್ಲ. ಬೆಂಕಿಯಾದಳು. ಮಾವ ಆಚೆ ಹೋದ ಮೇಲೆ, "ನಾನು ಸುಳ್ಳು ಹೇಳ್ತಿದೀನಾ ಆಂಟಿ? ನೀವೂ ಹಾಗೇ ಅಂದ್ಕೊಂಡಿದೀರಾ?" ಎಂದು ನನ್ನ ಮೇಲೆಯೇ ಬಿದ್ದಳು.

ಆಗ ನನ್ನ ತಲೆಗೆ ಹೊಳೆಯಿತು. ನಾನು ಬರುವುದು ಶುಕ್ರವಾರ. ಯಾವಾಗಲೂ ಶುಕ್ರವಾರವೇ!

"ನಾಳೆ ಬರ್ತೀನಿ" ಎಂದೆ. "ಬೆಳಿಗ್ಗೆ ನಾನು ಬರೋವರೆಗೂ ಮುಟ್ಬೇಡ."

ಭಾಯ್‌ಗೆ ಫೋನು ಮಾಡಿ ಶನಿವಾರ ರಜೆ ಬೇಕೆಂದೆ. "ಶನಿವಾರಾನಾ? ಗಿರಾಕಿ ತುಂಬ್ಕೊಂಡಿರ್ತಾರೆ ಅಕ್ಕ!" ಎಂದರು. "ಸಂಬಳ ಹಿಡ್ಕೊಳ್ಳಿ" ಎಂದೆ. "ಹೋಗಿ ಹೋಗಿ, ನಿಮ್ಮ ಜೊತೆ ಯಾರು ಜಗಳ ಆಡ್ತಾರೆ" ಎಂದು ಇಟ್ಟರು.

ಶನಿವಾರ ಬೆಳಿಗ್ಗೆ ಬೀದಿಯ ಮಂಜು ಇನ್ನೂ ಕರಗಿರಲಿಲ್ಲ. ಹೋಗಿ ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ಲೈಟು ಬಂತು, ಪರದೆ ಕಪ್ಪು! ಇನ್ನೊಂದು ಸಲ ಒತ್ತಿದೆ, ಕಪ್ಪು! ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಮಂಜುಳ ನನ್ನನ್ನು ದೆವ್ವ ಕಂಡಂತೆ ನೋಡಿದಳು. "ಕೆಟ್ಟಿದ್ದಕ್ಕೆ ಖುಷಿನಾ ಆಂಟಿ?"

"ಕಣ್ಣೆದುರಿಗೆ ಕೆಟ್ರೆ ಅರ್ಧ ರಿಪೇರಿ ಆದ ಹಾಗೆ ಕಣೇ!"

ಇದನ್ನು ಬರೆದಿಟ್ಟುಕೊಳ್ಳಿ. ಗಿರಾಕಿ ಕೆಟ್ಟಿದೆ ಎಂದರೆ ಕೆಟ್ಟಿದೆ. ನಿಮ್ಮ ಮುಂದೆ ಸರಿಯಾಗಿ ನಡೆದರೆ, ಅವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ನೀವು ತಪ್ಪು ಹೊತ್ತಿಗೆ ಬಂದಿದ್ದೀರಿ ಎಂದು ಅರ್ಥ.

ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಕೈಗೆ ಮಂಜುಗಡ್ಡೆ ಮುಟ್ಟಿದ ಹಾಗಾಯಿತು. ಮೂಗು ಹತ್ತಿರ ತಂದರೆ ಸುಟ್ಟ ವಾಸನೆ ಇಲ್ಲ, ಬದಲಿಗೆ ದೇವರ ಮನೆಯ ವಾಸನೆ. ಒಳಗಿನ ಧೂಳಿನ ಮೇಲೆ ಬಿಳಿ ಬೂದಿಯ ಚುಕ್ಕೆಗಳು. ಅಷ್ಟರಲ್ಲಿ ಮಂಜುಳಳ ಅತ್ತೆ ಅಕ್ಕಯಮ್ಮ ಕಾಫಿ ತಂದರು. ಮೆಲ್ಲನೆಯ ಹೆಂಗಸು, ಆದರೆ ಮನೆಯಲ್ಲಿ ಏನು ನಡೆದರೂ ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ.

"ಶುಕ್ರವಾರ ಲಕ್ಷ್ಮಿ ದಿನ ಕಣಮ್ಮ, ಅದಕ್ಕೇ ಬರುತ್ತೆ. ನಾನು ಆವಾಗಿಂದ ಹೇಳ್ತಾನೇ ಇದೀನಿ, ಯಾರು ಕೇಳ್ತಾರೆ?" ಎಂದರು.

"ನಾನು ಕೇಳ್ತೀನಿ ಅಕ್ಕಯಮ್ಮ. ಶುಕ್ರವಾರ ಬೆಳಿಗ್ಗೆ ಎದ್ದಾಗಿಂದ ಈ ಕೋಣೇಲಿ ಏನೇನು ನಡಿಯುತ್ತೆ, ಒಂದೂ ಬಿಡದೆ ಹೇಳಿ."

"ಏನು ನಡಿಯುತ್ತೆ? ಕಸ ಗುಡಿಸ್ತೀವಿ. ರಂಗೋಲಿ ಆಚೆ ಹಾಕ್ತೀವಿ. ಮಂಜುಳಂಗೆ ಎಣ್ಣೆ ಸ್ನಾನ. ಆಮೇಲೆ ಇಲ್ಲಿ ಕೂರಿಸಿ ತಲೆಗೆ ಸಾಂಬ್ರಾಣಿ ಹೊಗೆ ಹಾಕ್ತೀನಿ."

ನಾನು ಲೋಟ ಕೆಳಗಿಟ್ಟೆ. "ಇಲ್ಲಿ ಅಂದ್ರೆ ಎಲ್ಲಿ?"

"ಇಲ್ಲೇ, ಈ ಟೇಬಲ್ ಪಕ್ಕ, ಕೆಳಗೆ. ಹಜಾರದಲ್ಲಿ ಬಾಡಿಗೆ ಹುಡುಗರು ಓಡಾಡ್ತಾ ಇರ್ತಾರಲ್ಲ, ಹೆಣ್ಣು ಹೆಂಗಸು ತಲೆ ಬಿಚ್ಕೊಂಡು ಅಲ್ಲಿ ಕೂರಕಾಗುತ್ತಾ? ಚಟ್ಟೀಲಿ ಕೆಂಡ ಹಾಕಿ, ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿದ್ರೆ, ಇವಳು ಬುಟ್ಟಿ ಮೇಲೆ ಕೂದಲು ಹರಡ್ಕೊಂಡು ಕೂರ್ತಾಳೆ. ಬುಟ್ಟಿ ಜಾರದ ಹಾಗೆ ಈ ಡಬ್ಬಿಗೆ ಒರಗಿಸ್ತೀನಿ."

ಬುಟ್ಟಿ ಒರಗಿಸುವುದು ಕಂಪ್ಯೂಟರಿಗೆ! ಕೆಂಡದ ಬಿಸಿಯೆಲ್ಲ ಡಬ್ಬಿಯ ಪಕ್ಕದ ತೂತುಗಳಿಂದ ಒಳಗೆ ಹೋಗುತ್ತಿತ್ತು. ಉಳಿದ ದಿನ ಕೊಟ್ಟಿಗೆಯ ಚಳಿ. ಮತ್ತೆ ನಮ್ಮ ಅಂಗಡಿ? ಹತ್ತೂವರೆಗೆ ಬಾಗಿಲು ತೆರೆಯುವ ಹೊತ್ತಿಗೆ ತಗಡಿನ ಮಾಡು ಕಾದು ಒಲೆಯಾಗಿರುತ್ತಿತ್ತು. ಈ ಮೆಷಿನ್‌ಗೆ ಬೇಕಿದ್ದದ್ದು ಬಿಸಿ!

"ಅಕ್ಕಯಮ್ಮ, ಕೆಂಡ ತನ್ನಿ!" ಎಂದು ಕೂಗಿದೆ.

"ಶನಿವಾರಾನಾ? ಯಾರ ತಲೆ ಒಣಗಿಸಬೇಕು?"

"ಇದರ ತಲೆ. ಸಾಂಬ್ರಾಣಿ ಹಾಕ್ಬೇಡಿ, ಬರೀ ಕೆಂಡ."

ಅವರು ಸ್ನಾನದ ಹಂಡೆ ಒಲೆಯಿಂದ ಕೆಂಡ ತಂದು ಬುಟ್ಟಿ ಮುಚ್ಚಿ ಒರಗಿಸಿದರು. ಬರೀ ಕೆಂಡ ಇಡುವುದು ಅಪಶಕುನ ಎಂದು ನಾನು ಆಚೆ ನೋಡಿದಾಗ ಒಂದು ಚಿಟಿಕೆ ಸಾಂಬ್ರಾಣಿ ಎಸೆದೂ ಬಿಟ್ಟರು. ನಾನೂ ಅಕ್ಕಯಮ್ಮನೂ ಕೂತು ಕಾಫಿ ಕುಡಿದೆವು. ಮಂಜುಳ ಕುಡಿಯಲಿಲ್ಲ, ಸುಮ್ಮನೆ ಲೋಟ ಹಿಡಿದುಕೊಂಡಿದ್ದಳು. ತಗಡು ಬೆಚ್ಚಗಾದ ಮೇಲೆ, "ಒತ್ತು" ಎಂದೆ.

ಬೀಪ್!

ನಾವು ಕಿರುಚಿದ್ದಕ್ಕೆ ಮಹಡಿಯ ಬಾಡಿಗೆಯವರೆಲ್ಲ ಬಗ್ಗಿ ನೋಡಿದರು. ಅಕ್ಕಯಮ್ಮ ಕೈಮುಗಿದು, "ನೋಡಿದ್ರಾ, ಲಕ್ಷ್ಮಿ!" ಎಂದರು.

"ಲಕ್ಷ್ಮಿ ಅಲ್ಲ ಅಕ್ಕಯಮ್ಮ, ಕೆಂಡ."

"ಕೆಂಡಾನೂ ಲಕ್ಷ್ಮೀನೇ ಕಣಮ್ಮ, ಅದಿಲ್ದಿದ್ರೆ ಅನ್ನ ಬೇಯುತ್ತಾ?" ಎಂದರು.

ಅಂಗಡಿ ತೆರೆಯುವ ಹೊತ್ತಾದ ಮೇಲೆ ಅವರ ಮನೆ ಫೋನಿನಿಂದಲೇ ಭಾಯ್‌ಗೆ ಮಾಡಿ ನಡೆದದ್ದನ್ನೆಲ್ಲ ಒದರಿದೆ. ಆ ಕಡೆ ಇರ್ಫಾನ್ ಭಾಯ್ ಕುರ್ಚಿಯಿಂದ ಎದ್ದ ಸದ್ದು ಕೇಳಿಸಿತು. "ಗಂಗಕ್ಕ! ಕ್ಯಾಪ್! ಪ್ರಾಸೆಸರ್ ಪಕ್ಕದ ಕ್ಯಾಪ್ ನೋಡಿ, ತಲೆ ಉಬ್ಬಿದೆಯಾ?"

ಕ್ಯಾಪ್ ಎಂದರೆ ಕೆಪಾಸಿಟರ್. ಬೋರ್ಡಿನ ಮೇಲೆ ಸಣ್ಣ ಸಣ್ಣ ಡಬ್ಬಿಗಳ ಹಾಗೆ ನಿಂತಿರುತ್ತವೆ. ಮನೆ ಮೇಲಿನ ನೀರಿನ ಟ್ಯಾಂಕಿದ್ದಂತೆ, ಕರೆಂಟು ತುಂಬಿಟ್ಟುಕೊಂಡು ಬೇಕೆಂದಾಗ ಬಿಡುತ್ತವೆ. ಒಳಗೆ ಒಂದು ರಸ ಇರುತ್ತದೆ. ಆ ರಸ ಕೆಟ್ಟರೆ, ಚಳಿಯಲ್ಲಿ ಅದಕ್ಕೆ ಶಕ್ತಿ ಸಾಲದು. ಬಿಸಿ ತಾಗಿದರೆ ಹೇಗೋ ತೆವಳಿಕೊಂಡು ಕೆಲಸ ಮಾಡುತ್ತದೆ. ಮೆಷಿನ್ ಆರಿಸಿ, ಟಾರ್ಚು ಹಿಡಿದು, ವೈರುಗಳ ಪಟ್ಟಿ ಸರಿಸಿ, ಮಸಿ ಒರೆಸಿ ನೋಡಿದೆ. ಸಾಲಾಗಿ ನಿಂತಿದ್ದವುಗಳಲ್ಲಿ ಕೆಲವುಗಳ ನೆತ್ತಿ ಚಪ್ಪಟೆಯಾಗಿರಬೇಕಾದದ್ದು ಪೂರಿಯಂತೆ ಉಬ್ಬಿತ್ತು. ಒಂದರಿಂದ ಕಂದು ರಸ ಒಸರಿತ್ತು. ಆಹಾ!

ಅಕ್ಕಯಮ್ಮ ಸುಲಭದ ದಾರಿ ಹೇಳಿದರು: ದಿನಾ ಕೆಂಡ ಇಟ್ಟರಾಯಿತಲ್ಲ. ಬಾಗಿಲಲ್ಲಿ ನಿಂತಿದ್ದ ಪಿಳ್ಳಪ್ಪ, "ದಿನಾ ಆರತಿ ಕೇಳೋ ಪೆಟ್ಟಿಗೇನಾ? ಹಸೂಗೂ ನಾನು ಇಷ್ಟು ಸೇವೆ ಮಾಡಿಲ್ಲ" ಎಂದರು. ಅವರು ಹೇಳಿದ್ದು ಸರಿಯೇ. ಅಷ್ಟೇ ಅಲ್ಲ, ರಸ ಒಸರಿದ ಮೇಲೆ ಅದು ಯಾವ ದಿನ ಪೂರ್ತಿ ಕಣ್ಣು ಮುಚ್ಚುತ್ತದೋ ಹೇಳಲಾಗದು. ಆವತ್ತು ಮೆಷಿನ್ ಬೆಚ್ಚಗಿರುವಾಗಲೇ ಮಂಜುಳ ಸಂಜೆಯವರೆಗೂ ಕೂತು ಕೈಯಲ್ಲಿದ್ದ ಗೈಡನ್ನು ಮುಗಿಸಿ ಫ್ಲಾಪಿಗೆ ಹಾಕಿಕೊಂಡಳು. ಆಮೇಲೆ ನಾನು ಡಬ್ಬಿಯನ್ನು ಅಂಗಡಿಗೆ ಹೊತ್ತೊಯ್ದೆ.

"ಹೊಸ ಬೋರ್ಡ್ ಹಾಕಿ, ಮುಗೀತು" ಎಂದರು ಭಾಯ್. ಆದರೆ ಅದಾಗುವಂತಿರಲಿಲ್ಲ. ಮಂಜುಳಳ ಕನ್ನಡ ಅಕ್ಷರದ ಸಾಫ್ಟ್‌ವೇರು ಆ ಬೋರ್ಡನ್ನು ನೋಡಿದರೆ ಮಾತ್ರ ಬೀಗ ತೆಗೆಯುವಂಥದು. ಹಾರ್ಡ್ ಡಿಸ್ಕನ್ನು ಅಂಗಡಿಯ ಬೇರೆ ಮೆಷಿನ್‌ಗೆ ಹಾಕಿ ನೋಡಿದೆವು, ಕೀ ಕೊಡು ಎಂದಿತು. ಮೊದಲು ಮಾರಿದವನು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದ, ಮೂಲ ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಆ ಬೋರ್ಡು ಉಳಿದರೆ ಮಂಜುಳಳ ಕೆಲಸ ಉಳಿಯುತ್ತದೆ. ಹೋದರೆ ಎಲ್ಲ ಹೋಯಿತು.

ಬೆಸುಗೆ ಬಿಚ್ಚುವುದು ಸುಲಭವಲ್ಲವೇ ಎನ್ನಬೇಡಿ. ಟಿ.ವಿ. ಬೋರ್ಡು ರೊಟ್ಟಿಯ ಹಾಗೆ, ಒಂದೇ ಪದರ. ಕಂಪ್ಯೂಟರ್ ಬೋರ್ಡು ಪರೋಟದ ಹಾಗೆ, ಒಳಗೆ ಪದರ ಪದರವಾಗಿ ದಾರಿಗಳಿರುತ್ತವೆ. ಬಿಸಿ ಕಡಿಮೆಯಾದರೆ ಬೆಸುಗೆ ಬಿಡದು, ಹೆಚ್ಚಾದರೆ ಒಳಗಿನ ದಾರಿ ಸುಟ್ಟು ಬೋರ್ಡು ಕಸ. ಭಾನುವಾರ ನಮ್ಮ ಅಂಗಡಿ ತೆರೆದಿರುತ್ತದೆ. ಭಾಯ್ ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸಿ, ಒಳ್ಳೆಯ ಹೊಸ ಕ್ಯಾಪುಗಳನ್ನು ತಮ್ಮ ಡ್ರಾಯರಿನಿಂದ ತೆಗೆದರು. ಬೋರ್ಡನ್ನು ಅವರು ನೆಟ್ಟಗೆ ಹಿಡಿದರು. ನಾನು ಹಿಂದಿನಿಂದ ದಪ್ಪ ಬೆಸುಗೆ ಕಡ್ಡಿ ಇಟ್ಟು ಕಾಯಿಸುತ್ತಾ ಮುಂದಿನಿಂದ ಅಲ್ಲಾಡಿಸಿ ಅಲ್ಲಾಡಿಸಿ ಒಂದೊಂದೇ ಕಿತ್ತೆ. ಕೊನೆಯದು ಬಂತು, ಆದರೆ ಅದರ ಒಂದು ತೂತಿನಲ್ಲಿ ಸೀಸ ಹಾಗೇ ಕೂತುಬಿಟ್ಟಿತು. ಎಷ್ಟು ಕಾಯಿಸಿದರೂ ಹೀರಲಾಗಲಿಲ್ಲ.

"ಸಾಕು ಅಕ್ಕ, ಇನ್ನು ಬಿಸಿ ಕೊಟ್ರೆ ಸುಡುತ್ತೆ" ಎಂದರು ಭಾಯ್. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಸ್ಟೀಲ್ ಸೂಜಿಗೆ ಸೀಸ ಅಂಟಲ್ಲ ಅಲ್ವಾ?" ಎಂದೆ.

ಭಾಯ್ ಕಿಟಕಿಯಿಂದ ಬಗ್ಗಿ, ಕೆಳಗೆ ಬುರ್ಖಾ ಹೊಲಿಯುವ ಟೈಲರನ್ನು ಕೂಗಿದರು. ಅವನು ಮೇಲೆ ಬಂದು ಸೂಜಿಯನ್ನು ಕಾಗದಕ್ಕೆ ಚುಚ್ಚಿ ಕೊಟ್ಟು, "ವಾಪಸ್ ಬೇಕು ಭಾಯ್, ಒಳ್ಳೇ ಸೂಜಿ" ಎಂದ. ಹಿಂದಿನಿಂದ ಕಡ್ಡಿ ತ್ವರಿತವಾಗಿ ಮುಟ್ಟಿಸಿ ಮುಂದಿನಿಂದ ಸೂಜಿ ತೂರಿಸಿದೆ. ತೂತಿನಾಚೆ ಟ್ಯೂಬ್‌ಲೈಟಿನ ಬೆಳಕು ಸೂಜಿಮೊನೆಯಷ್ಟು ಕಂಡಿತು. ಅಬ್ಬಾ, ಆ ಬೆಳಕು! ಹೊಸ ಕ್ಯಾಪುಗಳನ್ನು ಕೂರಿಸಿ ಬೆಸೆದೆ. ಸ್ವಿಚ್ ಒತ್ತಿದೆವು. ಬಂತು.

ಬಂತು, ಸರಿ. ಆದರೆ ಅಂಗಡಿಯಲ್ಲಿ ಅದು ಮೊದಲೂ ಬರುತ್ತಿತ್ತಲ್ಲ! ಇಲ್ಲಿ ಬಂದದ್ದಕ್ಕೆ ಏನು ಬೆಲೆ?

"ಪಕ್ಕದ ಜ್ಯೂಸ್ ಅಂಗಡಿ ಫ್ರಿಡ್ಜಲ್ಲಿ ಇಟ್ಟು ನೋಡೋಣ್ವಾ?" ಎಂದೆ.

"ನೀರು ಕೂತು ಸತ್ತೇ ಹೋಗುತ್ತೆ ಅಕ್ಕ! ಮನೆ ಚಳೀಲೇ ನೋಡ್ಬೇಕು. ನಾಳೆ ಬೆಳಿಗ್ಗೆ. ಅಲ್ಲಾ ಇದ್ದಾನೆ."

ಸಂಜೆಯೇ ಒಯ್ದು ಕೊಟ್ಟಿಗೆಯ ಕೋಣೆಯಲ್ಲಿಟ್ಟು, ರಾತ್ರಿಯೆಲ್ಲ ಕಿಟಕಿ ತೆರೆದಿಡಿ ಎಂದು ಹೇಳಿ ಬಂದೆ. ಸೋಮವಾರ ಬೆಳಿಗ್ಗೆ ಬಾಣಸವಾಡಿ ತಲುಪಿದಾಗ ಎದುರು ಮನೆ ಕಾಣದಷ್ಟು ಮಂಜು. ಇದಕ್ಕಿಂತ ಒಳ್ಳೆಯ ಪರೀಕ್ಷೆ ದುಡ್ಡು ಕೊಟ್ಟರೂ ಸಿಗದು ಎಂದುಕೊಂಡೆ. ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಅಕ್ಕಯಮ್ಮ ಶಾಲು ಹೊದ್ದು ಗೋಡೆಗೆ ಅಂಟಿ ನಿಂತಿದ್ದರು. ಡಬ್ಬಿ ಮುಟ್ಟಿ ನೋಡಿದೆ, ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಿತ್ತು.

"ಒತ್ತಮ್ಮ ಎಂಜಿನಿಯರಮ್ಮ" ಎಂದರು ಪಿಳ್ಳಪ್ಪ.

"ನಾನ್ಯಾಕೆ ಒತ್ಲಿ? ಕೈಗುಣ ಅಂದ್ರಲ್ಲ, ಆ ಕೈಯೇ ಒತ್ಲಿ. ಬಾ ಮಂಜುಳಾ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಒಂದೇ ಸಲ ಒತ್ತಿದಳು. ಫ್ಯಾನು ತಿರುಗಿತು. ಲೈಟು ಬಂತು. ಪರದೆ ಕಪ್ಪು.

ಬೀಪ್!

ಬಿಳಿ ಅಕ್ಷರಗಳು ಸರಸರ ಇಳಿದವು, ಆಮೇಲೆ ಬಣ್ಣ. "ಆರಿಸಿ ಇನ್ನೊಂದ್ಸಲ" ಎಂದರು ಪಿಳ್ಳಪ್ಪ. ಬಂತು. "ಇನ್ನೊಂದ್ಸಲ" ಎಂದರು. ಬಂತು. ನಾಲ್ಕನೆಯ ಸಲ ಅವರು ಬಾಯಿ ತೆರೆಯುವ ಮೊದಲು ಮಂಜುಳ, "ಮಾವ, ನನಗೆ ಕೆಲಸ ಇದೆ" ಎಂದು ಕುರ್ಚಿ ಎಳೆದುಕೊಂಡು ಕೂತಳು. ಕೀಗಳ ಟಕಟಕ ಶುರುವಾಯಿತು. ಅಷ್ಟು ದಿನದಲ್ಲಿ ಅವಳು ಮಾವನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಪಿಳ್ಳಪ್ಪ ಹತ್ತಿರ ಬಂದು ಪರದೆಯ ಮೇಲೆ ಬೀಳುತ್ತಿದ್ದ ಕನ್ನಡ ಅಕ್ಷರಗಳನ್ನು ನೋಡುತ್ತಾ ನಿಂತರು. ಅವರಿಗೆ ಓದಲು ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಗೇಟು ಸದ್ದಾಯಿತು. ರೂಮು ಕೇಳಿದ್ದ ಹುಡುಗ, ಹೆಗಲಿಗೆ ಬ್ಯಾಗು, ಕೈಯಲ್ಲಿ ಅಡ್ವಾನ್ಸಿನ ಕವರು. ಪಿಳ್ಳಪ್ಪ ಬಾಗಿಲಿಗೆ ಅಡ್ಡ ನಿಂತರು.

"ರೂಮ್ ಇಲ್ಲಪ್ಪ."

"ಏನ್ ಸಾರ್, ಮೊನ್ನೆ ಇದೆ ಅಂದ್ರಲ್ಲ?"

"ಮೊನ್ನೆ ಇತ್ತು. ಈಗ ಅದು ನಮ್ಮ ಸೊಸೆ ಆಫೀಸು."

ಹುಡುಗ ನಂಬಲಿಲ್ಲ. ಕತ್ತು ಚಾಚಿ ಇಣುಕಲು ನೋಡಿದ. "ಈ ಮನೇಲಿ ಆಫೀಸಾ? ಯಾವ ಆಫೀಸು ಸಾರ್?"

ಪಿಳ್ಳಪ್ಪ ಬೀಡಿಯನ್ನು ಗೋಡೆಗೆ ಒರೆಸಿ ಆರಿಸಿದರು.

"ಚಪ್ಪಲಿ ಬಿಟ್ಟು ಒಳಗೆ ಬಾ, ತೋರಿಸ್ತೀನಿ" ಎಂದರು.